ಕುಸ್ವಾರ್ ಡಬ್ಬಿಯೊಳಗಿನ ನೀರಿನ ಲೆಕ್ಕ

ಮಂಗಳೂರು, ಉಡುಪಿ ಕಡೆಯ ಕ್ಯಾಥೊಲಿಕರ ಮನೆಗಳಲ್ಲಿ ಕ್ರಿಸ್ಮಸ್ಸಿಗೆ ಮಾಡುವ ತಿಂಡಿಗಳಿಗೆಲ್ಲ ಒಟ್ಟಾಗಿ ಕುಸ್ವಾರ್ ಎಂದು ಹೆಸರು. ಸುರುಳಿ ಸುತ್ತಿ ಕರಿದ ಕಿಡ್ಯೊ, ಹೂವಿನ ಅಚ್ಚನ್ನು ಹಿಟ್ಟಿಗೆ ಅದ್ದಿ ಕರಿಯುವ ಕೊಕ್ಕಿಸಾಂ, ಕರ್ಜಿಕಾಯಿಯಂಥ ನೆವ್ರ್ಯೊ, ಅಕ್ಕಿಹಿಟ್ಟಿನ ಸಣ್ಣ ಉಂಡೆಗಳಾದ ಗುಳಿಯೊ, ಶಂಕರಪೋಳಿಯಂಥ ತುಕ್ಡಿ, ಚಕ್ಕುಲಿ, ಸೀಬೆಹಣ್ಣಿನ ಗಟ್ಟಿ ಹಲ್ವದಂಥ ಪೆರಾದ್, ಜೊತೆಗೆ ಒಂದು ಕಪ್ಪನೆಯ ಹಣ್ಣಿನ ಕೇಕ್. ಕೇಕಿನ ಹಣ್ಣು ನೆನೆಸುವುದನ್ನು ಬಿಟ್ಟರೆ, ಹಬ್ಬಕ್ಕೆ ಎರಡು ವಾರ ಮೊದಲೇ ಶುರುವಾಗುವ ಕೆಲಸ ಇದು. ಮಾಡಿದ್ದು ಹಬ್ಬದ ದಿನ ತಟ್ಟೆಗೆ ಬಂದು, ನೆರೆಮನೆಗಳಿಗೆ ಹಂಚಿಕೆಯಾಗಿ, ಹೊಸ ವರ್ಷದವರೆಗೂ ಉಳಿಯಬೇಕು. ಫ್ರಿಜ್ ಇಲ್ಲದ ಕಾಲದಲ್ಲೂ, ಕರಾವಳಿಯ ತೇವದ ಗಾಳಿಯಲ್ಲೂ ಇವು ಉಳಿಯುತ್ತಿದ್ದವು.

ಕಾರಣ ನೀರಿನ ಲೆಕ್ಕ. ಈ ಡಬ್ಬಿಯಲ್ಲಿರುವ ತಿಂಡಿಗಳು ಎರಡು ಜಾತಿ. ಕಿಡ್ಯೊ, ಕೊಕ್ಕಿಸಾಂಗಳಲ್ಲಿ ನೀರನ್ನು ಎಣ್ಣೆಯ ಶಾಖದಿಂದ ಓಡಿಸಿರುತ್ತಾರೆ. ಕೇಕ್, ಪೆರಾದ್‌ಗಳಲ್ಲಿ ನೀರು ಇದ್ದೇ ಇರುತ್ತದೆ, ಆದರೆ ಸಕ್ಕರೆ ಅದನ್ನು ಹಿಡಿದಿಟ್ಟುಕೊಂಡಿರುತ್ತದೆ. ಬೂಷ್ಟಿಗಾಗಲಿ ಬ್ಯಾಕ್ಟೀರಿಯಾಕ್ಕಾಗಲಿ ಬೇಕಾದದ್ದು ತಿಂಡಿಯಲ್ಲಿರುವ ಒಟ್ಟು ನೀರಲ್ಲ, ಹೀಗೆ ಹಿಡಿತಕ್ಕೆ ಸಿಗದೆ ಬಿಡಿಯಾಗಿರುವ ನೀರು. ಇದನ್ನು ಆಹಾರ ವಿಜ್ಞಾನದವರು 0ಯಿಂದ 1ರವರೆಗಿನ ಅಂಕಿಯಲ್ಲಿ ಅಳೆದು ಜಲಸಕ್ರಿಯತೆ ಎನ್ನುತ್ತಾರೆ. ಶುದ್ಧ ನೀರಿಗೆ 1. ಸುಮಾರು 0.9ಕ್ಕಿಂತ ಕೆಳಗೆ ಹೆಚ್ಚಿನ ಬ್ಯಾಕ್ಟೀರಿಯಾಗಳು ಬೆಳೆಯುವುದಿಲ್ಲ, 0.8ಕ್ಕಿಂತ ಕೆಳಗೆ ಸಾಮಾನ್ಯ ಬೂಷ್ಟುಗಳೂ ಸೋಲುತ್ತವೆ. ಒಳ್ಳೆಯ ಹಣ್ಣಿನ ಕೇಕ್ ಈ 0.8ರ ಆಸುಪಾಸಿನಲ್ಲಿ ಇರುತ್ತದೆ. ಗರಿಗರಿ ತಿಂಡಿಗೆ ಇನ್ನೊಂದು ಗಡಿ ಇದೆ: 0.4–0.5 ದಾಟಿತೆಂದರೆ ಕೆಡದಿದ್ದರೂ ಮೆತ್ತಗಾಗುತ್ತದೆ. ಮುಂದೆ ಬರುವ ಅಳತೆ, ಹದ, ಎಡವಟ್ಟು ಬಹುಪಾಲು ಈ ಲೆಕ್ಕಕ್ಕೇ ಬಂದು ಸೇರುತ್ತವೆ.

ಕೇಕ್: ನೆನೆಸುವುದರಿಂದ ಶುರು

ಒಣದ್ರಾಕ್ಷಿಯಲ್ಲಿ ನೀರು ಸುಮಾರು ಶೇ. 15 ಮಾತ್ರ. ಅದನ್ನು ಹಾಗೆಯೇ ಕೇಕಿಗೆ ಹಾಕಿದರೆ ಸುತ್ತಲಿನ ಹಿಟ್ಟಿನಿಂದ ನೀರು ಹೀರಿಕೊಂಡು ತಾನು ಉಬ್ಬುತ್ತದೆ, ಕೇಕನ್ನು ಒಣಗಿಸುತ್ತದೆ. 'ಹಣ್ಣು ಇಷ್ಟು ಹಾಕಿದರೂ ಕೇಕ್ ಪುಡಿಪುಡಿ' ಎಂಬ ದೂರಿನ ಹಿಂದೆ ಹೆಚ್ಚಾಗಿ ಇರುವುದು ಇದೇ. ನೆನೆಸುವುದು ರುಚಿಗೆ ಎಂದು ಎಲ್ಲರೂ ಹೇಳುತ್ತಾರೆ. ಮೊದಲ ಕೆಲಸ ಮಾತ್ರ ಹಣ್ಣಿನ ಬಾಯಾರಿಕೆ ತೀರಿಸುವುದು.

8 ಇಂಚಿನ, 3 ಇಂಚು ಆಳದ ದುಂಡು ಟಿನ್ನಿಗೆ ಸರಿಹೊಂದುವ ಅಳತೆ ಹೀಗಿದೆ. ಕಪ್ಪು ಒಣದ್ರಾಕ್ಷಿ 200 ಗ್ರಾಂ, ಹಳದಿ ಒಣದ್ರಾಕ್ಷಿ 150 ಗ್ರಾಂ, ಬೀಜ ತೆಗೆದ ಖರ್ಜೂರ 100 ಗ್ರಾಂ, ಒಣ ಅಂಜೂರ ಅಥವಾ ಏಪ್ರಿಕಾಟ್ 100 ಗ್ರಾಂ, ಸಕ್ಕರೆಯಲ್ಲಿ ಬೇಯಿಸಿದ ಕಿತ್ತಳೆ ಸಿಪ್ಪೆ 50 ಗ್ರಾಂ. ಇಷ್ಟಕ್ಕೆ ಡಾರ್ಕ್ ರಮ್ 150 ಎಂ.ಎಲ್. ಗೋಡಂಬಿ 100 ಗ್ರಾಂ ಬೇಕು, ಆದರೆ ಅದನ್ನು ನೆನೆಸಬಾರದು. ನೆನೆದ ಗೋಡಂಬಿ ಕೇಕಿನಲ್ಲಿ ಬೆಂದ ಬಟಾಣಿಯ ಹಾಗೆ ಮೆತ್ತಗಾಗುತ್ತದೆ. ಟೂಟಿ ಫ್ರೂಟಿಯನ್ನೂ ನೆನೆಸಬೇಡಿ, ಬಣ್ಣ ಬಿಡುತ್ತದೆ. ನಿಜ ಹೇಳಬೇಕೆಂದರೆ ಈ ಕೇಕಿಗೆ ಟೂಟಿ ಫ್ರೂಟಿಯೇ ಬೇಡ: ಅದು ಸಕ್ಕರೆ ತುಂಬಿದ ಪಪಾಯಿ ಕಾಯಿ, ಸಿಹಿ ಬಿಟ್ಟರೆ ಏನನ್ನೂ ಕೊಡುವುದಿಲ್ಲ.

ಅಂಗಡಿಯ ದ್ರಾಕ್ಷಿಯ ಮೇಲೆ ದೂಳಿನ ಜೊತೆಗೆ ಅಂಟದಿರಲೆಂದು ಸವರಿದ ಎಣ್ಣೆಯೂ ಇರುವುದುಂಟು. ಬೆಚ್ಚಗಿನ ನೀರಲ್ಲಿ ತೊಳೆದು, ಬಟ್ಟೆಯ ಮೇಲೆ ಹರಡಿ ಪೂರ್ತಿ ಒಣಗಿಸಿ. ಒದ್ದೆಯಾಗಿಯೇ ಭರಣಿಗೆ ಹಾಕಿದರೆ ರಮ್ ತೆಳುವಾಗುತ್ತದೆ, ಕಾಯುವ ಶಕ್ತಿ ಕಡಿಮೆಯಾಗುತ್ತದೆ. ದೊಡ್ಡ ಹಣ್ಣುಗಳನ್ನು ದ್ರಾಕ್ಷಿಯ ಗಾತ್ರಕ್ಕೆ ಹೆಚ್ಚಿ. ಕತ್ತರಿಗೆ ಸ್ವಲ್ಪ ಎಣ್ಣೆ ಸವರಿಕೊಂಡರೆ ಖರ್ಜೂರ ಅಂಟುವುದಿಲ್ಲ. ಗಾಜಿನ ಭರಣಿಯಲ್ಲಿ ತುಂಬಿ, ಎರಡು ದಿನಕ್ಕೊಮ್ಮೆ ತಲೆಕೆಳಗು ಮಾಡಿಡಿ. ಪ್ಲಾಸ್ಟಿಕ್ ಡಬ್ಬಿ ವಾಸನೆ ಹಿಡಿಯುತ್ತದೆ. ಅಲ್ಯೂಮಿನಿಯಂ ಪಾತ್ರೆ ಹಣ್ಣಿನ ಹುಳಿಗೆ ಆಗಿಬರುವುದಿಲ್ಲ.

ಎಷ್ಟು ದಿನ? ಆರು ತಿಂಗಳು, ಒಂದು ವರ್ಷ ನೆನೆಸುವವರಿದ್ದಾರೆ. ಕೆಡುವುದಿಲ್ಲ, ಏಕೆಂದರೆ ನಮ್ಮಲ್ಲಿ ಸಿಗುವ ರಮ್‌ನಲ್ಲಿ ಆಲ್ಕೋಹಾಲ್ ಸಾಮಾನ್ಯವಾಗಿ ಶೇ. 42.8. ಹಣ್ಣಿಗೆ ರಮ್ ಇಳಿಯಲು ಬೇಕಾದದ್ದು ಎರಡು ಮೂರು ವಾರ. ಅಲ್ಲಿಂದಾಚೆ ವ್ಯತ್ಯಾಸ ಬಹಳ ಸಣ್ಣದು, ಗಟ್ಟಿ ಹಣ್ಣಿನ ಚೂರುಗಳು ಕರಗಿ ಜಾಮ್‌ನಂತಾಗುವ ಅಪಾಯವೂ ಇದೆ. ವೈನಿನಲ್ಲಿ ನೆನೆಸುವುದಾದರೆ ಎಚ್ಚರ ಬೇಕು. ಶೇ. 12ರಷ್ಟು ಆಲ್ಕೋಹಾಲ್ ಇರುವ ವೈನ್, ಹಣ್ಣಿನ ನೀರು ಸೇರಿ ಇನ್ನೂ ತೆಳುವಾದಾಗ ಹುದುಗೇಳಬಹುದು. ಅದನ್ನು ಫ್ರಿಜ್ಜಿನಲ್ಲಿಟ್ಟು ವಾರದೊಳಗೆ ಬಳಸಿ.

ಮದ್ಯ ಬೇಡವೆಂದರೆ ಇಷ್ಟೇ ಹಣ್ಣಿಗೆ 200 ಎಂ.ಎಲ್. ಕಿತ್ತಳೆ ಅಥವಾ ಕಪ್ಪು ದ್ರಾಕ್ಷಿಯ ರಸ ಹಾಕಿ, ಸಣ್ಣ ಉರಿಯಲ್ಲಿ ಹತ್ತು ನಿಮಿಷ, ರಸ ಇಂಗುವವರೆಗೆ ಬೇಯಿಸಿ, ಮುಚ್ಚಿ ಆರಲು ಬಿಡಿ. ಹಣ್ಣಿನ ಬಾಯಾರಿಕೆ ಇದರಿಂದಲೂ ತೀರುತ್ತದೆ. ಕಾಪಿಡುವ ಗುಣ ಮಾತ್ರ ಬರುವುದಿಲ್ಲ. ಆ ಕೇಕ್ ಹೊರಗೆ ನಾಲ್ಕೈದು ದಿನ, ಫ್ರಿಜ್ಜಿನಲ್ಲಿ ಎರಡು ವಾರ ಎಂದು ಲೆಕ್ಕ ಹಾಕಿಕೊಳ್ಳಿ.

ಸಕ್ಕರೆ ಸುಡುವ ಹೊತ್ತು

ಕೇಕಿನ ಕಪ್ಪು ಬಣ್ಣ ಬರುವುದು ಸುಟ್ಟ ಸಕ್ಕರೆಯ ಪಾಕದಿಂದ. ಇಡೀ ಕೆಲಸದಲ್ಲಿ ಜನ ಹೆದರುವ ಹಂತವೂ ಇದೇ, ಅವಸರ ಮಾಡುವುದೂ ಇಲ್ಲೇ.

ದಪ್ಪ ತಳದ ಉಕ್ಕಿನ ಪಾತ್ರೆಗೆ 100 ಗ್ರಾಂ ಸಕ್ಕರೆ, ಒಂದು ದೊಡ್ಡ ಚಮಚ ನೀರು ಹಾಕಿ ಮಧ್ಯಮ ಉರಿಯಲ್ಲಿಡಿ. ಸೌಟು ಆಡಿಸಬೇಡಿ, ಪಾತ್ರೆಯನ್ನೇ ಹಿಡಿದು ತಿರುಗಿಸಿ; ಕೈಯಾಡಿಸಿದರೆ ಸಕ್ಕರೆ ಮತ್ತೆ ಹರಳುಗಟ್ಟುತ್ತದೆ. ಮೊದಲು ನೊರೆ, ಆಮೇಲೆ ಹೊಂಬಣ್ಣ, ಆಮೇಲೆ ಜೇನಿನ ಬಣ್ಣ. ಜೇನಿನ ಬಣ್ಣಕ್ಕೆ ನಿಲ್ಲಿಸಿದರೆ ಐಸ್‌ಕ್ರೀಮಿನ ಮೇಲೆ ಸುರಿಯಲು ಚೆನ್ನ, ಕೇಕಿಗೆ ಸಾಲದು: ಬಣ್ಣವೂ ಬರುವುದಿಲ್ಲ, ಬರೀ ಸಿಹಿ ಸೇರುತ್ತದೆ. ಇನ್ನೂ ಮುಂದೆ ಹೋಗಬೇಕು. ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿ, ಅಂಚಿನಲ್ಲಿ ತೆಳುವಾಗಿ ಹೊಗೆಯಾಡಿ, ನೊರೆಯ ಗುಳ್ಳೆಗಳು ಕೆಂಪುಕಂದಾಗುವ ಗಳಿಗೆ ಸರಿಯಾದ ಹದ. ಇಲ್ಲಿಂದ ಕಹಿ ಮಸಿಯಾಗಲು ಹದಿನೈದು ಇಪ್ಪತ್ತು ಸೆಕೆಂಡು ಸಾಕು. ಆದ್ದರಿಂದ 60 ಎಂ.ಎಲ್. ಕುದಿನೀರನ್ನು ಮೊದಲೇ ಪಕ್ಕದಲ್ಲಿ ಇಟ್ಟುಕೊಂಡಿರಬೇಕು. ಒಲೆ ಆರಿಸಿ, ಮುಖ ದೂರ ಇಟ್ಟು, ಉದ್ದ ಹಿಡಿಯ ಸೌಟಿನಿಂದ ನೀರನ್ನು ಸ್ವಲ್ಪ ಸ್ವಲ್ಪವೇ ಹಾಕಿ. ಭಯಂಕರವಾಗಿ ಸಿಡಿಯುತ್ತದೆ, ಏಕೆಂದರೆ ಆ ಸಕ್ಕರೆ 180 ಡಿಗ್ರಿ ದಾಟಿರುತ್ತದೆ, ಬಿದ್ದ ನೀರು ಬಿದ್ದಲ್ಲೇ ಆವಿಯಾಗುತ್ತದೆ. ತಣ್ಣೀರು ಹಾಕಿದರೆ ಸಿಡಿತದ ಜೊತೆಗೆ ಸಕ್ಕರೆ ಗಾಜಿನ ಗಡ್ಡೆಯಾಗುತ್ತದೆ. ಹಾಗಾದರೂ ಗಾಬರಿ ಬೇಡ, ಮತ್ತೆ ಸಣ್ಣ ಉರಿಯಲ್ಲಿಟ್ಟರೆ ಕರಗುತ್ತದೆ. ಹತ್ತಿರ ಮಕ್ಕಳಿರಬಾರದು. ಪಾಕ ಪೂರ್ತಿ ಆರಿದ ಮೇಲೆಯೇ ಕೇಕಿನ ಕೆಲಸ ಶುರು.

ಹಿಟ್ಟು, ಬೆಣ್ಣೆ, ಮೊಟ್ಟೆ

ಮೈದಾ 250 ಗ್ರಾಂ, ಬೆಣ್ಣೆ 250 ಗ್ರಾಂ, ಪುಡಿ ಸಕ್ಕರೆ 200 ಗ್ರಾಂ, ಮೊಟ್ಟೆ 5, ಬೇಕಿಂಗ್ ಪೌಡರ್ ಅರ್ಧ ಟೀ ಚಮಚ, ಉಪ್ಪು ಕಾಲು ಟೀ ಚಮಚ (ಬೆಣ್ಣೆ ಉಪ್ಪಿನದಾದರೆ ಇದು ಬೇಡ). ಚಕ್ಕೆ ಪುಡಿ ಒಂದು ಟೀ ಚಮಚ, ಒಣಶುಂಠಿ ಅರ್ಧ, ಜಾಯಿಕಾಯಿ ಕಾಲು, ಲವಂಗದ ಪುಡಿ ಕಾಲು. ಲವಂಗ ಇದಕ್ಕಿಂತ ಹೆಚ್ಚಾದರೆ ಕೇಕ್ ಹಲ್ಲುನೋವಿನ ಔಷಧಿಯ ವಾಸನೆ ಹೊಡೆಯುತ್ತದೆ. ಒಂದು ಕಿತ್ತಳೆಯ ಹೊರಸಿಪ್ಪೆಯನ್ನು ತುರಿದು ಸೇರಿಸಿ. ಒಳಗಿನ ಬಿಳಿ ಭಾಗ ಕಹಿ, ಅದು ಬರಬಾರದು.

ಬೆಣ್ಣೆಯ ಹದದ ಬಗ್ಗೆ ಇಂಗ್ಲೆಂಡಿನ ಪಾಕಪುಸ್ತಕಗಳು 'ಕೋಣೆಯ ಉಷ್ಣತೆ' ಎನ್ನುತ್ತವೆ. ಆ ಕೋಣೆ 20 ಡಿಗ್ರಿಯದು. ಡಿಸೆಂಬರಿನಲ್ಲೂ ಮಧ್ಯಾಹ್ನ 30 ದಾಟುವ ಮಂಗಳೂರಿನಲ್ಲಿ ಬೆಣ್ಣೆ ಹೊರಗಿಟ್ಟರೆ ಎಣ್ಣೆಯಾಗುತ್ತದೆ, ಎಷ್ಟು ನೊರೆ ಬಡಿದರೂ ಗಾಳಿ ಹಿಡಿಯುವುದಿಲ್ಲ. ಫ್ರಿಜ್ಜಿನಿಂದ ತೆಗೆದು ತುಂಡು ಮಾಡಿ ಇಪ್ಪತ್ತು ನಿಮಿಷ ಬಿಟ್ಟರೆ ಸಾಕು. ಬೆರಳೊತ್ತಿದರೆ ಗುಳಿ ಬೀಳಬೇಕು, ಬೆರಳಿಗೆ ಜಿಡ್ಡು ಹೊಳೆಯಬಾರದು.

ಬೆಣ್ಣೆ ಸಕ್ಕರೆಯನ್ನು ಬಿಳುಪೇರುವವರೆಗೆ, ಯಂತ್ರದಲ್ಲಾದರೆ ಐದಾರು ನಿಮಿಷ, ಬಡಿಯಿರಿ. ಮೊಟ್ಟೆಗಳನ್ನು ಒಂದೊಂದಾಗಿ ಸೇರಿಸಿ. ಮೊಟ್ಟೆ ತಣ್ಣಗಿದ್ದರೆ ಅಥವಾ ಅವಸರ ಮಾಡಿದರೆ ಮಿಶ್ರಣ ಹಾಲು ಒಡೆದಂತೆ ಒಡೆಯುತ್ತದೆ. ಆಗ ಅಳೆದಿಟ್ಟ ಮೈದಾದಿಂದ ಎರಡು ಚಮಚ ತೆಗೆದು ಹಾಕಿದರೆ ಕೂಡಿಕೊಳ್ಳುತ್ತದೆ. ಆಮೇಲೆ ಆರಿದ ಪಾಕ. ಕೊನೆಗೆ ಮಸಾಲೆ, ಬೇಕಿಂಗ್ ಪೌಡರ್ ಸೇರಿಸಿ ಜರಡಿ ಹಿಡಿದ ಮೈದಾವನ್ನು ಮರದ ಸೌಟಿನಿಂದ ಮೆಲ್ಲಗೆ ಬೆರೆಸಿ. ಮೈದಾ ಬಿದ್ದ ಮೇಲೆ ಬಡಿದರೆ ಜಿಗುಟು ಹುಟ್ಟಿ ಕೇಕ್ ರಬ್ಬರಾಗುತ್ತದೆ.

ಹಣ್ಣು ತಳಕ್ಕೆ ಕೂರುವುದೇಕೆ ಎಂಬ ಪ್ರಶ್ನೆಗೆ ಹಣ್ಣನ್ನು ಮೈದಾದಲ್ಲಿ ಹೊರಳಿಸಿ ಎಂಬ ಉತ್ತರ ಎಲ್ಲ ಕಡೆ ಸಿಗುತ್ತದೆ. ಅದರ ಉಪಯೋಗ ಸ್ವಲ್ಪವೇ. ಕೂರುವ ನಿಜವಾದ ಕಾರಣ ಹಿಟ್ಟು ತೆಳುವಾಗಿರುವುದು. ನೆನೆಸಿದ ಹಣ್ಣನ್ನು ಜರಡಿಯಲ್ಲಿ ಅರ್ಧ ಗಂಟೆ ಸೋಸಿ, ಇಳಿದ ರಮ್ ಎತ್ತಿಡಿ, ಹಿಟ್ಟಿಗೆ ಸುರಿಯಬೇಡಿ. ಸೌಟು ಎತ್ತಿ ಒದರಿದಾಗ ಹಿಟ್ಟು ಮುದ್ದೆಯಾಗಿ ಬೀಳಬೇಕು, ದೋಸೆ ಹಿಟ್ಟಿನಂತೆ ಹರಿಯಬಾರದು. ಅಷ್ಟು ದಪ್ಪವಿದ್ದರೆ ಹಣ್ಣು ಬಿದ್ದಲ್ಲೇ ನಿಲ್ಲುತ್ತದೆ.

ಟಿನ್ನಿನ ಒಳಗೆ ಬಟರ್ ಪೇಪರ್ ಎರಡು ಪದರ ಹಾಕಿ, ಹೊರಗೆ ಬ್ರೌನ್ ಪೇಪರ್ ಎರಡು ಸುತ್ತು ದಾರದಿಂದ ಕಟ್ಟಿ. ಸುಮಾರು 2 ಕಿಲೋ ತೂಗುವ ಮುದ್ದೆಯ ನಡುಭಾಗ ಬೇಯುವಷ್ಟರಲ್ಲಿ ಅಂಚು ಸುಡದಂತೆ ಈ ಕಾಗದ ತಡೆಯುತ್ತದೆ. ಓವನ್‌ನ ಕಾದ ಕಂಬಿಗೆ ಅದು ತಾಗದಂತೆ ನೋಡಿಕೊಳ್ಳಿ. ಮೇಲ್ಮೈ ಸಮ ಮಾಡಿ ನಡುವೆ ಚಮಚದ ಬೆನ್ನಿನಿಂದ ಸಣ್ಣ ಗುಳಿ ಒತ್ತಿದರೆ ಬೆಂದ ಮೇಲೆ ಗುಡ್ಡವಾಗುವುದಿಲ್ಲ. 150 ಡಿಗ್ರಿ, ಕೆಳಗಿನ ಹಲಗೆ, ಫ್ಯಾನ್ ಬೇಡ. ಮನೆಯ ಓಟಿಜಿಗಳ (ಪುಟ್ಟ ವಿದ್ಯುತ್ ಓವನ್‌ಗಳ) ಗುಂಡಿಯನ್ನು ನಂಬಬೇಡಿ. ಇಪ್ಪತ್ತು ಮೂವತ್ತು ಡಿಗ್ರಿ ಆಚೀಚೆ ಇರುವುದು ಮಾಮೂಲು. ಒಳಗೆ ನೇತುಹಾಕುವ ಥರ್ಮಾಮೀಟರ್ ಒಂದನ್ನು ಇಟ್ಟುಕೊಳ್ಳಿ. ಒಂದು ಗಂಟೆಯ ನಂತರ ಮೇಲ್ಭಾಗ ಬಣ್ಣ ಬಂದಿದ್ದರೆ ಫಾಯಿಲ್ ಸಡಿಲವಾಗಿ ಹೊದಿಸಿ. ಎರಡು ಗಂಟೆಗೆ ಮೊದಲ ಪರೀಕ್ಷೆ. ಎರಡೂವರೆ ಗಂಟೆಯವರೆಗೂ ಹೋಗಬಹುದು. ಕಡ್ಡಿ ಚುಚ್ಚಿದಾಗ ಅಂಟಿದ್ದು ಹಸಿ ಹಿಟ್ಟೋ ಖರ್ಜೂರವೋ ಗೊತ್ತಾಗದು, ಹಾಗಾಗಿ ಮೂರು ಕಡೆ ಚುಚ್ಚಿ ನೋಡಿ. ಚುಚ್ಚುವ ಥರ್ಮಾಮೀಟರ್ ಇದ್ದರೆ ನಡುಭಾಗ 96–98 ಡಿಗ್ರಿ ತೋರಿಸಬೇಕು.

ನಡು ಕುಸಿದರೆ ಬೇಕಿಂಗ್ ಪೌಡರ್ ಹೆಚ್ಚಾಗಿದೆ, ಅಥವಾ ಮೊದಲ ಒಂದು ಗಂಟೆಯಲ್ಲಿ ಬಾಗಿಲು ತೆರೆದಿದ್ದೀರಿ, ಅಥವಾ ಬೆಂದಿಲ್ಲ. ಮೇಲೆ ಬಿರುಕು ಬಿಟ್ಟರೆ ಓವನ್ ಹೆಚ್ಚು ಬಿಸಿ.

ಟಿನ್ನಿನಲ್ಲೇ ಪೂರ್ತಿ ಆರಲಿ. ಸೋಸಿಟ್ಟ ರಮ್‌ನಿಂದ ಎರಡು ಚಮಚವನ್ನು ಬಿಸಿಯಿದ್ದಾಗಲೇ ಮೇಲೆ ಹನಿಸಿ. ಆರಿದ ಮೇಲೆ ಬಟರ್ ಪೇಪರಿನಲ್ಲಿ ಸುತ್ತಿ, ಅದರ ಮೇಲೆ ಫಾಯಿಲ್, ಆಮೇಲೆ ಡಬ್ಬಿ. ಫಾಯಿಲ್ ನೇರವಾಗಿ ತಾಗಿದರೆ ಹಣ್ಣಿನ ಹುಳಿ ಅದನ್ನು ತಿಂದು ಸಣ್ಣ ತೂತು ಮಾಡುತ್ತದೆ. ವಾರಕ್ಕೊಮ್ಮೆ ಕಡ್ಡಿಯಿಂದ ಚುಚ್ಚಿ ಒಂದೆರಡು ಚಮಚ ರಮ್ ಕೊಡಿ, ಹೆಚ್ಚು ಬೇಡ. ಮೈಯೆಲ್ಲ ಒದ್ದೆಯಾದ ಕೇಕ್ ಕುಯ್ಯುವಾಗ ಮುದ್ದೆಯಾಗುತ್ತದೆ. ಮಾಡಿದ ದಿನ ಕುಯ್ದರೆ ಹುಡಿಯಾಗುತ್ತದೆ, ರುಚಿಯೂ ಬಿಡಿಬಿಡಿ. ಹತ್ತು ದಿನದಲ್ಲಿ ಹಣ್ಣಿನ ತೇವ, ಬೆಣ್ಣೆ, ಮಸಾಲೆ ಎಲ್ಲ ಕಡೆ ಸಮನಾಗಿ ಹಬ್ಬಿ, ಗರಗಸ ಹಲ್ಲಿನ ಚಾಕುವಿಗೆ ನುಣ್ಣಗಿನ ಹೋಳು ಸಿಗುತ್ತದೆ.

ನೀರು ಓಡಿಸಿದ ತಿಂಡಿಗಳು

ಕಿಡ್ಯೊ ಮಾಡಲು ಕೈಗಳು ಹೆಚ್ಚು ಬೇಕು, ಬುದ್ಧಿವಂತಿಕೆ ಪಾಕದ ಹೊತ್ತಿಗೆ ಮಾತ್ರ. ಮೈದಾ 500 ಗ್ರಾಂಗೆ ಸಕ್ಕರೆ 50 ಗ್ರಾಂ, ಉಪ್ಪು ಚಿಟಿಕೆ, ಬಿಸಿ ತುಪ್ಪ ಎರಡು ದೊಡ್ಡ ಚಮಚ ಹಾಕಿ ಉಜ್ಜಿ, ಒಂದು ಮೊಟ್ಟೆ, ದಪ್ಪ ಕಾಯಿಹಾಲು ಬೇಕಾದಷ್ಟು (180–200 ಎಂ.ಎಲ್. ಹಿಡಿಯುತ್ತದೆ) ಸೇರಿಸಿ ಚಪಾತಿಗಿಂತ ತುಸು ಗಟ್ಟಿ ನಾದಿ. ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಿ. ನೆಲ್ಲಿಕಾಯಿಗಿಂತ ಚಿಕ್ಕ ಉಂಡೆಯನ್ನು ಫೋರ್ಕಿನ ಬೆನ್ನಿಗೋ ಹೊಸ ಬಾಚಣಿಗೆಗೋ ಒತ್ತಿ ತೆಳುವಾಗಿಸಿ ಸುರುಳಿ ಸುತ್ತಬೇಕು. ಒತ್ತಿದ್ದು ದಪ್ಪವಾದರೆ ಹೊರಗೆ ಕೆಂಪಾಗಿ ಒಳಗೆ ತೇವ ಉಳಿಯುತ್ತದೆ, ಮೂರನೇ ದಿನಕ್ಕೆ ಮೆತ್ತಗೆ. ಮಧ್ಯಮ ಉರಿಯಲ್ಲಿ, ಎಣ್ಣೆಯ ಗುಳ್ಳೆ ಬಹುತೇಕ ನಿಲ್ಲುವವರೆಗೆ ಕರಿಯಿರಿ. ಆ ಗುಳ್ಳೆ ಹೊರಬರುವ ನೀರಾವಿ. ಗುಳ್ಳೆ ನಿಂತಿತೆಂದರೆ ನೀರು ಮುಗಿಯುತ್ತಾ ಬಂದಿದೆ.

ಲೇಪಕ್ಕೆ 250 ಗ್ರಾಂ ಸಕ್ಕರೆ, 90 ಎಂ.ಎಲ್. ನೀರು. ಒಂದೆಳೆ ದಾಟಿ ಎರಡೆಳೆ ಪಾಕಕ್ಕೆ, ಅಂದರೆ ಸುಮಾರು 113 ಡಿಗ್ರಿಗೆ ಬಂದಾಗ ಒಲೆ ಆರಿಸಿ, ಆರಿದ ಕಿಡ್ಯೊ ಸುರಿದು ನಿಲ್ಲಿಸದೆ ಮೊಗಚಿ. ಎರಡು ಮೂರು ನಿಮಿಷದಲ್ಲಿ ಪಾಕ ಮಂಕಾಗಿ, ಬೆಳ್ಳಗೆ ಹರಳುಗಟ್ಟಿ, ಒಂದೊಂದೇ ಬಿಡಿಯಾಗುತ್ತದೆ. ಅಂಟಂಟಾಗಿಯೇ ಉಳಿದರೆ ಪಾಕ ಎಳಸು, ನೀರು ಉಳಿದಿದೆ. ಸುರಿಯುವ ಮೊದಲೇ ಪಾತ್ರೆಯಲ್ಲಿ ಸಕ್ಕರೆಯಾಗಿ ಕೂತರೆ ಪಾಕ ಮೀರಿದೆ. ಎರಡು ಚಮಚ ನೀರು ಹಾಕಿ ಮತ್ತೆ ಕರಗಿಸಿ.

ಕೊಕ್ಕಿಸಾಂನ ಕಷ್ಟವೆಲ್ಲ ಅಚ್ಚಿನದು. ನಾಲ್ಕು ಗಂಟೆ ನೆನೆಸಿದ ಬೆಳ್ತಿಗೆ ಅಕ್ಕಿ (ಕುಚ್ಚಲಲ್ಲದ ಬಿಳಿ ಅಕ್ಕಿ) 250 ಗ್ರಾಂ ಅನ್ನು ದಪ್ಪ ಕಾಯಿಹಾಲಿನಲ್ಲಿ ನುಣ್ಣಗೆ ರುಬ್ಬಿ, ಮೈದಾ 50 ಗ್ರಾಂ, ಸಕ್ಕರೆ 80 ಗ್ರಾಂ, ಮೊಟ್ಟೆ ಒಂದು, ಉಪ್ಪು, ಎಳ್ಳು ಸೇರಿಸಿ. ಅಚ್ಚನ್ನು ಕಾದ ಎಣ್ಣೆಯಲ್ಲೇ ಐದು ನಿಮಿಷ ಇಟ್ಟು, ಒದರಿ, ಹಿಟ್ಟಿನಲ್ಲಿ ಮುಕ್ಕಾಲು ಭಾಗ ಮಾತ್ರ ಅದ್ದಬೇಕು. ಮೇಲಂಚು ಮುಳುಗಿತೋ, ಹಿಟ್ಟು ಅಚ್ಚನ್ನು ಅಪ್ಪಿಕೊಂಡು ಬಿಡುವುದೇ ಇಲ್ಲ. ಅದ್ದಿದಾಗ ಸಣ್ಣಗೆ 'ಚುಂಯ್' ಅಂದರೆ ಅಚ್ಚಿನ ಬಿಸಿ ಸರಿ. ಸದ್ದೇ ಇಲ್ಲದಿದ್ದರೆ ತಣ್ಣಗಿದೆ, ಹಿಟ್ಟು ಜಾರುತ್ತದೆ. ಜೋರಾಗಿ ಸಿಡಿದರೆ ಬಿಸಿ ಹೆಚ್ಚು, ಹಿಟ್ಟು ಹಿಡಿಯದೆ ಪಾತ್ರೆಯಲ್ಲೇ ಉದುರುತ್ತದೆ. ಅಕ್ಕಿ ತಳಕ್ಕೆ ಕೂರುವುದರಿಂದ ನಾಲ್ಕೈದು ಅದ್ದಿಗೊಮ್ಮೆ ಹಿಟ್ಟು ಕಲಕಿ. ಸಕ್ಕರೆ ಹೆಚ್ಚಿಸಿದರೆ ಬೇಗ ಕೆಂಪಾಗುತ್ತದೆ, ನೀರು ಹೋಗುವ ಮೊದಲೇ ತೆಗೆಯಬೇಕಾಗುತ್ತದೆ.

ಗುಳಿಯೊ ನೋಡಲು ಪಾಪದ್ದು, ಎಣ್ಣೆಯಲ್ಲಿ ಅಪಾಯಕಾರಿ. ಅಕ್ಕಿಹಿಟ್ಟಿನ ಈ ಸಣ್ಣ ಉಂಡೆಗಳ ಹೊರಪದರ ಬೇಗ ಗಟ್ಟಿಯಾದರೆ ಒಳಗಿನ ಆವಿಗೆ ದಾರಿ ಸಿಗದೆ ಪಟಾಕಿಯಂತೆ ಸಿಡಿದು ಬಿಸಿ ಎಣ್ಣೆ ಎರಚುತ್ತದೆ. ಹಿಟ್ಟನ್ನು ಮೊದಲು ಬೆಚ್ಚಗೆ ಹುರಿಯಬೇಕು, ಬಿಸಿ ಕಾಯಿಹಾಲು ಹಾಕಿ ಚೆನ್ನಾಗಿ ನಾದಬೇಕು, ಉಂಡೆಯಲ್ಲಿ ಬಿರುಕಾಗಲಿ ಗಾಳಿಯಾಗಲಿ ಉಳಿಯಬಾರದು, ಎಣ್ಣೆ ಮಧ್ಯಮ ಬಿಸಿ ದಾಟಬಾರದು. ಮೊದಲು ಒಂದೇ ಉಂಡೆ ಹಾಕಿ ನೋಡಿ.

ನೆವ್ರ್ಯೊ ನಮ್ಮ ಕರ್ಜಿಕಾಯಿಯ ನಂಟ, ಹೆಚ್ಚು ಹೇಳಬೇಕಿಲ್ಲ. ಹೂರಣಕ್ಕೆ ಹಸಿ ತೆಂಗಿನ ತುರಿ ಹಾಕುವುದಾದರೆ ಬಾಣಲೆಯಲ್ಲಿ ಸರಸರ ಸದ್ದಾಗುವವರೆಗೆ ಹುರಿದೇ ಹಾಕಬೇಕು, ಇಲ್ಲದಿದ್ದರೆ ಮೊದಲು ಹಳಸುವುದು ಅದೇ. ಒಣ ಕೊಬ್ಬರಿ ಇನ್ನೂ ಕ್ಷೇಮ. ಅಂಚಿಗೆ ಹೂರಣದ ಪುಡಿ ತಾಗಿದರೆ ಅಂಟುವುದಿಲ್ಲ. ಬಾಯಿ ಬಿಟ್ಟ ಒಂದು ನೆವ್ರಿಯ ಸಕ್ಕರೆ ಸುಟ್ಟು ಇಡೀ ಬಾಣಲೆಯ ಎಣ್ಣೆ ಕಪ್ಪಾಗುತ್ತದೆ.

ಪೆರಾದ್

ತೀರಾ ಮಾಗದ ಸೀಬೆಹಣ್ಣೇ ಇದಕ್ಕೆ ಒಳ್ಳೆಯದು, ಗಟ್ಟಿಯಾಗಿಸುವ ಪೆಕ್ಟಿನ್ ಅದರಲ್ಲಿ ಹೆಚ್ಚು. ಬೇಯಿಸಿ, ಬೀಜ ಸೋಸಿದ ತಿರುಳು 1 ಕಿಲೋಗೆ ಸಕ್ಕರೆ 800 ಗ್ರಾಂ, ಎರಡು ನಿಂಬೆಹಣ್ಣಿನ ರಸ. ನಿಂಬೆ ಬಿಟ್ಟರೆ ಪೆಕ್ಟಿನ್ ಸರಿಯಾಗಿ ಹೆಣೆದುಕೊಳ್ಳುವುದಿಲ್ಲ, ಎಷ್ಟು ಕಾಯಿಸಿದರೂ ಅಂಟುಜಾಮ್ ಆಗಿಯೇ ಉಳಿಯುತ್ತದೆ. ಉದ್ದ ಸೌಟು ಹಿಡಿದು ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಮಗುಚಬೇಕು. ಕೊನೆಗೆ ಬೆಣ್ಣೆ ಒಂದು ಚಮಚ. ಮುದ್ದೆ ತಳ ಬಿಟ್ಟು ಸೌಟಿನ ಜೊತೆ ತಿರುಗಿದಾಗ, ತಣ್ಣನೆಯ ತಟ್ಟೆಯ ಮೇಲೆ ಹಾಕಿದ ಚೂರು ಬೆರಳಿಗೆ ಅಂಟದೆ ಉಂಡೆಯಾದಾಗ, ಬೆಣ್ಣೆ ಸವರಿದ ತಟ್ಟೆಗೆ ಸುರಿಯಿರಿ. ಕುಯ್ಯುವುದು ಮರುದಿನ.

ಡಬ್ಬಿಗೆ ತುಂಬುವಾಗ

ಇಷ್ಟೆಲ್ಲ ಮಾಡಿ ಕೊನೆಗೆ ಕೆಡಿಸುವುದು ಎರಡು ಅವಸರ. ಒಂದು, ಬೆಚ್ಚಗಿರುವಾಗಲೇ ಮುಚ್ಚಳ ಹಾಕುವುದು: ಆವಿ ಮುಚ್ಚಳಕ್ಕೆ ತಾಗಿ ಹನಿಯಾಗಿ ಕೆಳಗೆ ಬೀಳುತ್ತದೆ. ಇನ್ನೊಂದು, ಎಲ್ಲವನ್ನೂ ಒಂದೇ ಡಬ್ಬಿಗೆ ತುಂಬುವುದು. ಮುಚ್ಚಿದ ಡಬ್ಬಿಯಲ್ಲಿ ನೀರು ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಗಾಳಿಯ ಮೂಲಕವೇ ಹೋಗುತ್ತದೆ. ಕೇಕಿನ ಪಕ್ಕ ಕೊಕ್ಕಿಸಾಂ ಇಟ್ಟರೆ ಒಂದೇ ರಾತ್ರಿಯಲ್ಲಿ ಕೊಕ್ಕಿಸಾಂ ಮೆತ್ತಗೆ, ಕೇಕಿನ ಅಂಚು ಒಣಕಲು. ಕೇಕ್, ಪೆರಾದ್ ಒಂದೊಂದು ಡಬ್ಬಿ; ಕರಿದವು ಬೇರೆ; ಸಕ್ಕರೆ ಲೇಪದವು ಇನ್ನೂ ಬೇರೆ. ನೆರೆಮನೆಗೆ ಕೊಡುವ ಪೊಟ್ಟಣವನ್ನು ಕೊಡುವ ದಿನವೇ ಜೋಡಿಸಿ, ಕೇಕಿನ ಹೋಳನ್ನು ಬೇರೆ ಕಾಗದದಲ್ಲಿ ಸುತ್ತಿ.

ಕರಿದ ತಿಂಡಿಗೆ ಇನ್ನೊಂದು ಶತ್ರು ಎಣ್ಣೆಯ ಕಮಟು. ಹಳೆಯ ಎಣ್ಣೆಯಲ್ಲಿ ಕರಿದದ್ದು ಎಷ್ಟು ಗರಿಗರಿಯಾಗಿದ್ದರೂ ವಾರದಲ್ಲಿ ವಾಸನೆ ಬರುತ್ತದೆ. ಹೊಸ ಎಣ್ಣೆಯಲ್ಲಿ ಮೊದಲು ಕೊಕ್ಕಿಸಾಂ, ಆಮೇಲೆ ಕಿಡ್ಯೊ, ಕೊನೆಗೆ ಪುಡಿ ಬಿಡುವ ಚಕ್ಕುಲಿ, ನೆವ್ರ್ಯೊ ಎಂಬ ಸರದಿ ಇಟ್ಟುಕೊಂಡರೆ ಎಣ್ಣೆ ಉಳಿಯುತ್ತದೆ. ದಿನಗಳ ಸರದಿಯೂ ಇದಕ್ಕೆ ಹೊಂದುತ್ತದೆ: ಹಣ್ಣು ನೆನೆಯುವುದು ನವೆಂಬರ್ ನಡುವಿನಲ್ಲಿ, ಕೇಕ್ ಡಿಸೆಂಬರ್ 10ರ ಸುತ್ತ, ಪೆರಾದ್ ಅದೇ ವಾರ, ಕೊಕ್ಕಿಸಾಂ, ಕಿಡ್ಯೊ 15ರಿಂದ 20ರೊಳಗೆ, ಗುಳಿಯೊ, ಚಕ್ಕುಲಿ ಅದರ ಬೆನ್ನಿಗೆ. ತೆಂಗಿನ ಹೂರಣದ ನೆವ್ರ್ಯೊ ಮಾತ್ರ 22, 23ಕ್ಕೆ ಇರಲಿ.